ರಾಷ್ಟ್ರಕವಿಯ ಫೋಟೋಗೆ ಪೇಟ ನಿಲ್ಲಲಿಲ್ಲ

ರಾಜ್ಯೋತ್ಸವ ಮುಗಿದ ಮೇಲೆ ಲೆಕ್ಕ ನೋಡಿದರೆ ನಮ್ಮ ಬಡಾವಣೆಯ ಸಂಘದಲ್ಲಿ 18,400 ರೂಪಾಯಿ ಉಳಿದಿತ್ತು. ಇಂಥದ್ದು ಹಿಂದೆ ಯಾವತ್ತೂ ಆಗಿರಲಿಲ್ಲ. ಪ್ರತಿ ವರ್ಷ ನವೆಂಬರ್ ಎರಡನೇ ವಾರ ಅಂದರೆ ಮೈಕ್‌ಸೆಟ್‌ನವನ ಕಣ್ಣಿಗೆ ಬೀಳದ ಹಾಗೆ ನಾವು ಹಿಂದಿನ ರಸ್ತೆಯಲ್ಲಿ ಓಡಾಡುವ ಕಾಲ. ಈ ಸಲ ಮಳೆ ಬಂದು ಆರ್ಕೆಸ್ಟ್ರಾ ನಿಂತುಹೋಯಿತು, ದುಡ್ಡು ಉಳಿಯಿತು. ನಮಗೆ ಗಾಬರಿಯಾಯಿತು.

ಗಾಬರಿಯಾದಾಗ ನಾವು ಸೇರುವುದು ಶಿವಮೊಗ್ಗ ಬಸ್ ಸ್ಟ್ಯಾಂಡ್ ಹತ್ತಿರದ ಒಂದು ಹೋಟೆಲಿನ ಮೂಲೆ ಟೇಬಲ್ಲಿಗೆ. ಐದು ಜನ. ರಿಟೈರ್ ಆದ ಕನ್ನಡ ಮೇಷ್ಟ್ರು. ಆಡಿಟರ್. ಶಾಮಿಯಾನ ಅಂಗಡಿ ಸೀನ, ಇವನು ಮೇಷ್ಟ್ರ ಹಳೇ ಶಿಷ್ಯ, ಅದನ್ನು ಇಬ್ಬರೂ ಹೆಚ್ಚು ಹೇಳಿಕೊಳ್ಳುವುದಿಲ್ಲ. ಮಂಜೇಶ್ವರದಿಂದ ಬಂದು ಇಲ್ಲಿ ಮೂವತ್ತು ವರ್ಷ ಆದರೂ ಇನ್ನೂ "ಎಂತ ಮಾರಾಯ್ರೆ" ಅನ್ನುವುದನ್ನು ಬಿಡದ ಭಟ್ರು. ಮತ್ತೆ ನಾನು, ಅಕ್ಷರ ದುಂಡಗಿದೆ ಎಂಬ ಒಂದೇ ತಪ್ಪಿಗೆ ಕಾರ್ಯದರ್ಶಿಯಾದವನು.

"ಒಂದು ಪ್ರಶಸ್ತಿ ಕೊಟ್ಟುಬಿಡೋಣ" ಅಂತ ಆಡಿಟರ್ ಅಂದರು. "ದುಡ್ಡು ಖರ್ಚು ಮಾಡೋಕೆ ಅದಕ್ಕಿಂತ ಮರ್ಯಾದಸ್ಥ ದಾರಿ ಇಲ್ಲ. ರಾಷ್ಟ್ರಕವಿ ಹೆಸರಲ್ಲಿ ಸಾಂಸ್ಕೃತಿಕ ಪರಂಪರೆ ಪ್ರಶಸ್ತಿ. ಕೇಳೋಕೂ ಚೆನ್ನಾಗಿದೆ, ರಸೀದಿ ಪುಸ್ತಕದಲ್ಲೂ ಚೆನ್ನಾಗಿ ಕಾಣತ್ತೆ."

"ಯಾವ ರಾಷ್ಟ್ರಕವಿ?" ಅಂತ ಮೇಷ್ಟ್ರು ಕೇಳಿದರು.

"ಯಾವ ಅಂದ್ರೆ? ಒಬ್ಬರೇ ಅಲ್ವಾ?" ಅಂದ ಸೀನ.

ಮೇಷ್ಟ್ರು ಲೋಟ ಕೆಳಗಿಟ್ಟರು. ಅವರು ಲೋಟ ಕೆಳಗಿಟ್ಟರೆ ಮುಂದಿನ ಅರ್ಧ ಗಂಟೆ ನಮ್ಮದಲ್ಲ. ಆದರೆ ಅವತ್ತು ಭಟ್ರು ಅವಕಾಶ ಕೊಡಲಿಲ್ಲ. "ಮೂರು ಜನ ಮಾರಾಯ್ರೆ. ಮೊದಲನೇದು ನಮ್ಮ ಮಂಜೇಶ್ವರದ ಗೋವಿಂದ ಪೈಗಳು, 1949. ಎರಡನೇದು ಕುವೆಂಪು, 1964. ಮೂರನೇದು ಜಿ.ಎಸ್. ಶಿವರುದ್ರಪ್ಪ, 2006ನೇ ಇಸವಿ ನವೆಂಬರ್ ಒಂದು, ರಾಜ್ಯಕ್ಕೆ ಐವತ್ತು ತುಂಬಿದ ದಿನ. 2013ರ ಡಿಸೆಂಬರಲ್ಲಿ ಅವರು ಹೋದ ಮೇಲೆ ಆ ಕುರ್ಚಿ ಖಾಲಿ ಉಂಟು."

ಖಾಲಿ ಉಂಟು ಅಂದ ತಕ್ಷಣ ಸೀನ ಒಂದು ಸಲ ಮೇಷ್ಟ್ರ ಮುಖ ನೋಡಿದ. ಮೇಷ್ಟ್ರು ಒಂದು ಕವನ ಸಂಕಲನ ಬರೆದಿದ್ದಾರೆ, ಅದರ ಮುನ್ನೂರು ಪ್ರತಿ ಅವರ ಮನೆಯ ಮಂಚದ ಕೆಳಗಿದೆ. ಮೇಷ್ಟ್ರು ಕಿಟಕಿ ಕಡೆ ತಿರುಗಿಕೊಂಡರು.

"ಮೂರರಲ್ಲಿ ಎರಡು ನಮ್ಮ ಶಿವಮೊಗ್ಗ ಜಿಲ್ಲೆಗೇ ಬಂತಲ್ರೀ" ಅಂತ ಆಡಿಟರ್ ಬೆರಳು ಮಡಿಸಿದರು. "ಕುಪ್ಪಳಿ ತೀರ್ಥಹಳ್ಳಿ ತಾಲ್ಲೂಕು. ಜಿಎಸ್ಸೆಸ್ ಶಿಕಾರಿಪುರದ ಕಡೆಯವರು. 66 ಪರ್ಸೆಂಟ್."

"ಕುವೆಂಪು ಹುಟ್ಟಿದ್ದು ಹಿರೇಕೊಡಿಗೆ, ಕೊಪ್ಪ ತಾಲ್ಲೂಕು. ಅದು ಚಿಕ್ಕಮಗಳೂರು" ಅಂತ ಭಟ್ರು ಮೆಲ್ಲಗೆ ಚುಚ್ಚಿದರು.

"ಅದು ತಾಯಿಯ ತವರು ಕಣ್ರೀ! ತವರಲ್ಲಿ ಹೆತ್ತರೆ ಮಗು ಆ ಜಿಲ್ಲೆಗೆ ಸೇರತ್ತಾ? ಹಂಗಾದ್ರೆ ನನ್ನ ಮಗಳು ದಾವಣಗೆರೆ."

ಈ ಜಗಳ ಎರಡನೇ ಬೈಟು ಕಾಫಿವರೆಗೆ ನಡೆಯಿತು. ನಡುವೆ ಸೀನ ಒಂದು ಒಳ್ಳೆ ಪ್ರಶ್ನೆ ಕೇಳಿದ, ಯಾರೂ ಉತ್ತರ ಕೊಡಲಿಲ್ಲ. ಹಿಂದಿಯವರಿಗೂ ರಾಷ್ಟ್ರಕವಿ ಇದ್ದಾರೆ, ಮೈಥಿಲಿಶರಣ ಗುಪ್ತ ಅಂತ, ದಿನಕರ್ ಅಂತ. ನಮಗೇ ಮೂರು. ಎಲ್ಲಾ ಸೇರಿಸಿದರೆ ಒಂದು ರಾಷ್ಟ್ರಕ್ಕೆ ಬ್ಯಾಸ್ಕೆಟ್‌ಬಾಲ್ ಟೀಮಿಗಾಗುವಷ್ಟು ಕವಿ. "ಕ್ಯಾಪ್ಟನ್ ಯಾರು?" ಅಂತ ಅವನ ಪ್ರಶ್ನೆ.

ಭಟ್ರ ಮಾತು ಮಾತ್ರ ನನ್ನ ತಲೆಯಲ್ಲಿ ಉಳಿಯಿತು. ಕನ್ನಡದ ಮೊದಲ ರಾಷ್ಟ್ರಕವಿಗೆ ಆ ಬಿರುದು ಕೊಟ್ಟಿದ್ದು ಮದ್ರಾಸ್ ಸರ್ಕಾರ. ಆಗ ಮಂಜೇಶ್ವರ ದಕ್ಷಿಣ ಕನ್ನಡ ಜಿಲ್ಲೆಯಲ್ಲಿತ್ತು, ಆ ಜಿಲ್ಲೆ ಮದ್ರಾಸಿನ ಕೆಳಗಿತ್ತು. ಏಳು ವರ್ಷ ಕಳೆದು 1956ರಲ್ಲಿ ಗೆರೆ ಎಳೆದರು, ಪೈಗಳು ಕೂತ ಕುರ್ಚಿಯಿಂದ ಏಳದೆಯೇ ಕೇರಳಕ್ಕೆ ಹೋದರು. 1963ರಲ್ಲಿ ತೀರಿಕೊಂಡಾಗಲೂ ಊರು ಅದೇ, ರಾಜ್ಯ ಬೇರೆ. ಮನೆಮಾತು ಕೊಂಕಣಿ. ಅಂದರೆ ಕೊಂಕಣಿ ಮನೆಯವರೊಬ್ಬರು ಕನ್ನಡದಲ್ಲಿ ಬರೆದು, ಮದ್ರಾಸಿನಿಂದ ಬಿರುದು ತಗೊಂಡು, ಕೇರಳದಲ್ಲಿ ಕಣ್ಣು ಮುಚ್ಚಿ, ಕರ್ನಾಟಕದ ಪಠ್ಯಪುಸ್ತಕಕ್ಕೆ ಬಂದರು. ನಾವು ಇಲ್ಲಿ ತವರುಮನೆ ಜಿಲ್ಲೆ ಲೆಕ್ಕ ಹಾಕುತ್ತಿದ್ದೆವು.

"ಇನ್ನೊಂದು ಕೇಳಿ" ಅಂತ ಮೇಷ್ಟ್ರು ಕೊನೆಗೂ ನುಗ್ಗಿದರು. "ಕುವೆಂಪು ಮೊದಲು ಬರೀತಿದ್ದದ್ದು ಇಂಗ್ಲಿಷಲ್ಲಿ. 1922ರಲ್ಲಿ ಇಂಗ್ಲಿಷ್ ಪದ್ಯದ ಪುಸ್ತಕವೂ ಬಂತು. ಮೈಸೂರಿಗೆ ಜೇಮ್ಸ್ ಕಸಿನ್ಸ್ ಅಂತ ಒಬ್ಬ ಐರಿಷ್ ಕವಿ ಬಂದಿದ್ದರು. ಹುಡುಗ ಪದ್ಯ ತೋರಿಸಿದ. ಅವರು ನೋಡಿ, ನಿನ್ನ ಭಾಷೇಲಿ ಬರಿಯಪ್ಪ ಅಂದರು."

"ಐರ್ಲೆಂಡಿನವರು ಬಂದು ಹೇಳಬೇಕಾಯ್ತಾ!" ಅಂದ ಸೀನ.

"ಹೂಂ. ಇಲ್ಲಿಯವರು ಹೇಳಿದ್ದರೆ ಕೇಳ್ತಿದ್ದನೋ ಇಲ್ಲವೋ. ನೀನು ಕೇಳಿದ್ಯಾ ನಾನು ಹೇಳಿದ್ದು?"

"ಹಂಗಾದ್ರೆ ಪ್ರಶಸ್ತಿ ಆ ಐರಿಷ್ ಸಾಹೇಬ್ರಿಗೇ ಕೊಡೋಣ" ಅಂತ ಆಡಿಟರ್. "ಒಂದು ಪಾಲು ಮದ್ರಾಸ್ ಸರ್ಕಾರಕ್ಕೆ."

ಕೊಡುವುದು ಯಾರಿಗೆ ಎಂಬ ಪ್ರಶ್ನೆ ಹೀಗೆ ಶುರುವಾಯಿತು. ಬದುಕಿರುವವರಿಗೆ ಕೊಟ್ಟರೆ ಕಷ್ಟ ಅಂತ ಎಲ್ಲರೂ ಒಪ್ಪಿದೆವು. ಒಬ್ಬರಿಗೆ ಕೊಟ್ಟರೆ ಹತ್ತು ಜನಕ್ಕೆ ಸಿಟ್ಟು, ಆ ಹತ್ತು ಜನವೂ ನಮ್ಮ ಬಡಾವಣೆಯವರೇ ಆಗಿರುತ್ತಾರೆ. ಅದೂ ಅಲ್ಲದೆ ಕುಪ್ಪಳಿಯ ಪ್ರತಿಷ್ಠಾನದವರು ಕುವೆಂಪು ಹೆಸರಲ್ಲಿ ರಾಷ್ಟ್ರೀಯ ಪುರಸ್ಕಾರ ಕೊಡುತ್ತಾರೆ, 2013ರಿಂದ, ಬೇರೆ ಬೇರೆ ಭಾರತೀಯ ಭಾಷೆಯ ಸಾಹಿತಿಗಳಿಗೆ, ಐದು ಲಕ್ಷ. ನಮ್ಮದು 18,400. ಅದರಲ್ಲಿ ಊಟ ಬೇರೆ.

"ಕವಿಗೇ ಕೊಟ್ಟುಬಿಡೋಣ" ಅಂದ ಸೀನ. "ಕುವೆಂಪು ಅವರಿಗೇ. ಬೇಡ ಅನ್ನಲ್ಲ, ಕಡಿಮೆ ಆಯ್ತು ಅನ್ನಲ್ಲ, ಕಾರು ಕಳಿಸಿ ಅನ್ನಲ್ಲ."

ಇದು ತಮಾಷೆಯ ಮಾತಾಗಿತ್ತು. ಆದರೆ ಆಡಿಟರ್ ಅದನ್ನು ಆಗಲೇ ಪುಸ್ತಕದಲ್ಲಿ ಬರೆದುಕೊಂಡಿದ್ದರು. ಅವರ ಪುಸ್ತಕಕ್ಕೆ ಹತ್ತಿದ್ದು ಅಳಿಸುವುದಿಲ್ಲ.

ಆಮೇಲೆ ಮೇಷ್ಟ್ರು ಪಟ್ಟಿ ಹೇಳುತ್ತಾ ಹೋದರು. 1955 ಸಾಹಿತ್ಯ ಅಕಾಡೆಮಿ. 1958 ಪದ್ಮಭೂಷಣ. 1967ರ ಸಾಲಿನ ಜ್ಞಾನಪೀಠ, ಕನ್ನಡಕ್ಕೆ ಅದೇ ಮೊದಲು. 1987 ಪಂಪ ಪ್ರಶಸ್ತಿ, ಅದೂ ಮೊದಲು. 1988 ಪದ್ಮವಿಭೂಷಣ. 1992 ಕರ್ನಾಟಕ ರತ್ನ, ರಾಜಕುಮಾರ್ ಜೊತೆಗೆ, ಅದೂ ಮೊದಲು. ಆಡಿಟರ್ ಜ್ಞಾನಪೀಠದ ಹತ್ತಿರ ನಿಲ್ಲಿಸಿದರು.

"ಆಗ ಎಷ್ಟಿತ್ತು ಮೊತ್ತ?"

"ಒಂದು ಲಕ್ಷ. ಆದರೆ ಆ ವರ್ಷ ಗುಜರಾತಿಯ ಉಮಾಶಂಕರ ಜೋಶಿ ಅವರ ಜೊತೆ ಹಂಚಿಕೆ."

"ಅಂದ್ರೆ ಐವತ್ತು" ಅಂದರು ಆಡಿಟರ್, ಅವರ ದನಿಯಲ್ಲಿ ನಿಜವಾದ ನೋವಿತ್ತು. "22 ಸಾವಿರಕ್ಕೂ ಮೇಲೆ ಸಾಲು ಅಂದ್ರಿ ರಾಮಾಯಣ ದರ್ಶನಂ. ಸಾಲಿಗೆ ಎರಡು ಕಾಲು ರೂಪಾಯಿನೂ ಗಿಟ್ಟಲ್ಲ."

"ಇಷ್ಟೆಲ್ಲ ಬಂದವರಿಗೆ ನಾವು ಕೊಡೋದು ಎಂತ ಉಳಿದಿದೆ?" ಅಂತ ಭಟ್ರು.

"ಭಾರತ ರತ್ನ" ಅಂದ ಸೀನ. "ಅದು ನಮ್ಮ ಬಜೆಟ್ಟಿಗೆ ಬರಲ್ಲ."

ಭಟ್ರು ಆಗ ಕಳ್ಳತನದ ವಿಷಯ ತೆಗೆದರು. 2015ರ ನವೆಂಬರಲ್ಲಿ ಕುಪ್ಪಳಿಯ ಕವಿಮನೆಗೆ ಕಳ್ಳ ನುಗ್ಗಿ ಪದ್ಮ ಪದಕಗಳನ್ನು ಹೊತ್ತುಕೊಂಡು ಹೋಗಿದ್ದ. ಆಗ ಊರಿಗೆ ಊರೇ ಮಂಕಾಗಿತ್ತು, ನನಗೆ ನೆನಪಿದೆ. ಎರಡು ದಿನ ಈ ಹೋಟೆಲಲ್ಲೂ ಅದೇ ಮಾತು. ಇಡೀ ಜನ್ಮದ ಬರವಣಿಗೆಗೆ ಸರ್ಕಾರ ಕೊಟ್ಟದ್ದನ್ನು ಒಬ್ಬ ಒಂದು ರಾತ್ರಿಯಲ್ಲಿ ಜೇಬಿಗೆ ಹಾಕಿಕೊಂಡ, ಪುಸ್ತಕ ಒಂದನ್ನೂ ಮುಟ್ಟಿದ ಸುದ್ದಿ ಬರಲಿಲ್ಲ.

"ನಮ್ಮ ಪ್ರಶಸ್ತಿಗೆ ಆ ಭಯ ಇಲ್ಲ" ಅಂತ ಆಡಿಟರ್ ಸಮಾಧಾನ ಹೇಳಿದರು. "ಅಕ್ರಿಲಿಕ್."

ಗಾಂಧಿ ಬಜಾರಿನ ನೆನಪಿನ ಕಾಣಿಕೆ ಅಂಗಡಿಗೆ ಹೋದದ್ದು ನಾನು ಮತ್ತು ಸೀನ. ಗೋಡೆ ತುಂಬ ಫಲಕ. ಕ್ರಿಕೆಟ್ ಕಪ್ಪು, ಕಬಡ್ಡಿ ಕಪ್ಪು, ಹೋರಿ ಹಬ್ಬದ ಕಪ್ಪು, ನಿವೃತ್ತಿಯ ಗಡಿಯಾರ. "ಸಾಹಿತ್ಯದ್ದು ಇದೆಯಾ?" ಅಂತ ಕೇಳಿದೆ. ಹುಡುಗ ಸ್ಟೂಲ್ ಹತ್ತಿ ಮೇಲಿಂದ ಒಂದು ತೆಗೆದ, ಊದಿದ, ಧೂಳು ನಮ್ಮ ಮೇಲೆ ಬಿತ್ತು. ಚಿನ್ನದ ಬಣ್ಣದ ವೀಣೆ, ಪಕ್ಕದಲ್ಲಿ ಒಂದು ನವಿಲುಗರಿ, ಕೆಳಗೆ ಹೆಸರು ಕೆತ್ತಲು ಖಾಲಿ ಜಾಗ. "ಇದು ಸಂಗೀತ ಅಲ್ವೇನೋ?" ಅಂದ ಸೀನ. "ಗರಿ ನೋಡಿ ಅಣ್ಣ, ಗರಿ ಸಾಹಿತ್ಯ. ವೀಣೆ ಬೇಡ ಅಂದ್ರೆ ಅದು ಬರ್ಡೆ ಫಲಕ ಆಗ್ಬಿಡತ್ತೆ" ಅಂದ ಹುಡುಗ. ಅವನ ತರ್ಕಕ್ಕೆ ನಮ್ಮ ಹತ್ತಿರ ಉತ್ತರ ಇರಲಿಲ್ಲ. 1,250 ಹೇಳಿದ್ದು 1,100ಕ್ಕೆ ಬಂತು. ಹೆಸರು ಆಮೇಲೆ ಕೆತ್ತಿಸುತ್ತೇವೆ ಅಂದೆವು. ಆ ಆಮೇಲೆ ಇನ್ನೂ ಬಂದಿಲ್ಲ.

ಶಾಲು ಸೀನನ ಗೋಡೌನಿನಲ್ಲೇ ಇತ್ತು. ಶಾಲಿನ ಬಗ್ಗೆ ಸೀನನಿಗೆ ಗೊತ್ತಿರುವಷ್ಟು ನೇಕಾರರಿಗೂ ಗೊತ್ತಿಲ್ಲ. ನಮ್ಮೂರಲ್ಲಿ ಶಾಲು ಹರಿಯುವುದಿಲ್ಲವಂತೆ, ಸುತ್ತುತ್ತದಂತೆ. ಅಧ್ಯಕ್ಷರಿಗೆ ಹೊದಿಸಿದ್ದು ಮುಂದಿನ ತಿಂಗಳು ಮುಖ್ಯ ಅತಿಥಿಗೆ, ಮುಖ್ಯ ಅತಿಥಿಗೆ ಹೊದಿಸಿದ್ದು ಅವರ ಡ್ರೈವರನ ಕೈಸೇರಿ ಮತ್ತೆ ಅಂಗಡಿಗೆ. ಒಂದು ಶಾಲಿನ ಮೂಲೆಯಲ್ಲಿ ಅರಿಶಿನದ ಕಲೆ ಇದೆ, ಅದನ್ನು ಅವನು ಐದು ಸಲ ಬೇರೆ ಬೇರೆ ವೇದಿಕೆಯಲ್ಲಿ ಗುರುತು ಹಿಡಿದಿದ್ದಾನೆ. ಹಣ್ಣಿನ ಬುಟ್ಟಿಯದ್ದೂ ಅದೇ ಕಥೆ. ಮೇಲೆ ಅನಾನಸು, ಸುತ್ತ ಸೇಬು, ಕೆಳಗೆ ಹಳೇ ಪೇಪರು. ನಿಜವಾಗಿ ತಿನ್ನುವಂಥದ್ದು ಅಂದರೆ ಬಾಳೆಹಣ್ಣು, ಅದು ಬುಟ್ಟಿಯಲ್ಲಿ ಇರುವುದೇ ಇಲ್ಲ.

ತೊಂದರೆ ಕೊಟ್ಟಿದ್ದು ಮೈಸೂರು ಪೇಟ. ಸನ್ಮಾನ ಅಂದ ಮೇಲೆ ಪೇಟ ತೊಡಿಸಬೇಕು. ಸನ್ಮಾನ ಸ್ವೀಕರಿಸುವವರು ಫೋಟೋದಲ್ಲಿದ್ದಾರೆ. ಫೋಟೋದ ಫ್ರೇಮು ಚೌಕ. ಒಂದು ಸಂಜೆ ಗೋಡೌನಿನಲ್ಲಿ ಕುರ್ಚಿಯ ಮೇಲೆ ಕುವೆಂಪು ಫೋಟೋ ಇಟ್ಟು ತಾಲೀಮು ಮಾಡಿದೆವು. ಫ್ರೇಮಿನ ಮೇಲೆ ಪೇಟ ಇಟ್ಟರೆ ಹಿಂದಕ್ಕೆ ಬಿತ್ತು. ಮುಂದಕ್ಕೆ ಎಳೆದರೆ ಜರಿ ಅಂಚು ಹಣೆ ದಾಟಿ ಕಣ್ಣಿಗೆ ಬಂತು. ಆ ಬಿಳಿ ಕೂದಲು, ಆ ಅಗಲ ಹಣೆ, ಎಲ್ಲಾ ಮುಚ್ಚಿ ಬರೀ ಮೂಗು ಉಳಿಯಿತು. ಸೀನ ಶಾಮಿಯಾನ ಕಟ್ಟುವ ಬೈಂಡಿಂಗ್ ವೈರ್ ತಂದು ಫ್ರೇಮಿನ ಹಿಂದಿನ ಮೊಳೆಗೆ ಸುತ್ತಲು ಶುರು ಮಾಡಿದ, ಅದೇ ಹೊತ್ತಿಗೆ ಮೇಷ್ಟ್ರು ಒಳಗೆ ಬಂದರು.

ಮೇಷ್ಟ್ರು ಒಂದು ನಿಮಿಷ ಮಾತಾಡಲಿಲ್ಲ. ಆಮೇಲೆ ಕೇಳಿದರು. "ಅವರನ್ನು ಕಟ್ಟಿಹಾಕ್ತಿದ್ದೀಯಾ?"

"ಗಾಳಿ ಬಂದ್ರೆ ಹಾರಬಾರದು ಅಂತ, ಮೇಷ್ಟ್ರೇ."

"ಮದುವೆಗೆ ಆಡಂಬರ ಬೇಡ, ನಾಲ್ಕು ಒಳ್ಳೆ ಮಾತು ಹೇಳಿ ಮುಗಿಸಿ ಅಂತ ಮಂತ್ರ ಮಾಂಗಲ್ಯ ಬರೆದುಕೊಟ್ಟವರು ಅವರು. 1966ರಲ್ಲಿ ಮಗ ತೇಜಸ್ವಿ ಮದುವೆಯನ್ನೇ ಹಾಗೆ ಮಾಡಿದರು. ಅವರ ತಲೆಗೆ ಜರಿ ಪೇಟ, ಅದೂ ವೈರ್ ಹಾಕಿ!"

ಸೀನನಿಗೆ ಆವಾಗಲೇ ಗೊತ್ತಾಗಿದ್ದು ಇದು. ಅವನು ವೈರ್ ಕೆಳಗಿಟ್ಟು ಫೋಟೋ ಕಡೆ ಬೇರೆ ಥರ ನೋಡಿದ. "ಎಲ್ಲರೂ ಇವರ ಮಾತು ಕೇಳಿದ್ದಿದ್ರೆ ನನ್ನ ಶಾಮಿಯಾನಕ್ಕೆ ಗಿರಾಕಿನೇ ಇರ್ತಿರಲಿಲ್ಲ."

"ಕೇಳಿಲ್ಲವಲ್ಲ, ಹೆದರಬೇಡ" ಅಂದರು ಮೇಷ್ಟ್ರು.

ಆಹ್ವಾನ ಪತ್ರಿಕೆ ಬರೆಯುವ ಕೆಲಸ ನನಗೆ ಬಿತ್ತು. "ಸಾಹಿತ್ಯ ಸಾರ್ವಭೌಮ, ಕಾವ್ಯ ಕಲ್ಪತರು" ಅಂತ ಶುರು ಮಾಡಿದ್ದೆ. ಭಟ್ರು ಓದಿ ನಕ್ಕರು. "ಗೋವಿಂದ ಪೈಗಳು 1911ರಲ್ಲೇ ಪ್ರಾಸ ಬಿಟ್ಟರು ಮಾರಾಯ್ರೆ. ಸಾಲಿನ ಎರಡನೇ ಅಕ್ಷರ ಒಂದೇ ಇರಬೇಕು ಅನ್ನುವ ಹಳೇ ಕಟ್ಟುಪಾಡು ಬೇಡ ಅಂತ. ದೊಡ್ಡ ಗಲಾಟೆ ಆಯ್ತು, ಆದ್ರೂ ಅವರು ತಿರುಗಿ ನೋಡಲಿಲ್ಲ. ನೂರು ವರ್ಷ ಕಳೆದ್ರೂ ಈ ನಿರೂಪಕರು, ಈ ಆಹ್ವಾನ ಪತ್ರಿಕೆಯವರು ಇನ್ನೂ ಬಿಟ್ಟಿಲ್ಲ ನೋಡಿ." ಅದು ಬೇರೆ ಪ್ರಾಸ, ಇದು ಬೇರೆ ಪ್ರಾಸ ಅಂತ ವಾದಿಸಬಹುದಿತ್ತು. ವಾದಿಸಲಿಲ್ಲ. ಎರಡೂ ಸಾಲು ಹೊಡೆದು ಹಾಕಿದೆ.

ಫ್ಲೆಕ್ಸ್ ಕಥೆ ಕೇಳಬೇಡಿ. ಕೇಳದಿದ್ದರೂ ಹೇಳುತ್ತೇನೆ. ನಾನು ಮೊಬೈಲಲ್ಲಿ ಟೈಪ್ ಮಾಡಿ ಕಳಿಸಿದೆ, ಯೂನಿಕೋಡ್. ಪ್ರೆಸ್ಸಿನವನ ಹಳೇ ಡಿಸೈನ್ ಸಾಫ್ಟ್‌ವೇರಿಗೆ ಯೂನಿಕೋಡ್ ಅರ್ಥವಾಗುವುದಿಲ್ಲ, ಅದಕ್ಕೆ 'ನುಡಿ' ಅನ್ನುವ ಕನ್ನಡ ತಂತ್ರಾಂಶದ ಅಕ್ಷರವೇ ಬೇಕು. ಅವನು ಹಾಗೇ ಕಾಪಿ ಮಾಡಿ ಅಂಟಿಸಿದ. ಹತ್ತಡಿ ಫ್ಲೆಕ್ಸ್ ಬಿಚ್ಚಿದರೆ ಒತ್ತಕ್ಷರ ಎಲ್ಲಾ ಕಳಚಿಕೊಂಡು ಬಿದ್ದಿವೆ. 'ರಾಷ್ಟ್ರ'ದಲ್ಲಿ ಷ ಒಂದು ಕಡೆ, ಟ ಒಂದು ಕಡೆ, ರ ಒಂದು ಕಡೆ. "ರಾಷಟರಕವಿ." ಓದಿದ ಆಡಿಟರ್ "ರಾಷ್ಟ್ರ ಒಡೆದು ಮೂರಾಗಿದೆ" ಅಂದರು. ಕುವೆಂಪು ಅನ್ನುವುದರಲ್ಲಿ ಒತ್ತಕ್ಷರ ಇಲ್ಲದ್ದರಿಂದ ಆ ಹೆಸರು ಮಾತ್ರ ಸುರಕ್ಷಿತವಾಗಿ ಉಳಿದಿತ್ತು. ಕೆ.ವಿ. ಪುಟ್ಟಪ್ಪ ಅಂತ ಹಾಕಿದ್ದರೆ ಅದೂ ಹೋಗುತ್ತಿತ್ತು. ಕಾವ್ಯನಾಮ ಯಾಕೆ ಇಟ್ಟುಕೊಳ್ಳಬೇಕು ಅಂತ ನನಗೆ ಅವತ್ತು ಗೊತ್ತಾಯಿತು.

ಇಷ್ಟರಲ್ಲಿ ತಾರೀಕಿನ ಸಮಸ್ಯೆ. ಡಿಸೆಂಬರ್ 29 ಅವರ ಹುಟ್ಟಿದ ದಿನ, ರಾಜ್ಯದಲ್ಲಿ ವಿಶ್ವಮಾನವ ದಿನ. ಅವತ್ತು ಮುಖ್ಯ ಅತಿಥಿ ಅಂತ ಕರೆಯಲು ಯಾರೂ ಖಾಲಿ ಇಲ್ಲ. ಒಬ್ಬರು ಕುಪ್ಪಳಿ ಅಂದರು, ಒಬ್ಬರು ಮೈಸೂರು ಅಂದರು, ಒಬ್ಬರು ಅದೇ ದಿನ ಮೂರು ಕಡೆ ಒಪ್ಪಿಕೊಂಡಿದ್ದರು, ನಾಲ್ಕನೆಯದಕ್ಕೆ ಬೇಕಾದರೆ ಬರುತ್ತೇನೆ ಆದರೆ ಕೂರುವುದಿಲ್ಲ ಅಂದರು.

"ಮೊದಲು ಒಂದು ಸಲ ಕುಪ್ಪಳಿಗೆ ಹೋಗಿ ಬರೋಣ" ಅಂತ ಮೇಷ್ಟ್ರು ಹೇಳಿದರು. ಯಾಕೆ ಅಂತ ಕೇಳಲಿಲ್ಲ. ಸೀನನ ಟೆಂಪೋ ಇತ್ತು, ಹಿಂದೆ ಆರು ಕುರ್ಚಿ ಇದ್ದವು, ಭಾನುವಾರ ಬೇರೆ.

ತೀರ್ಥಹಳ್ಳಿಯಲ್ಲಿ ದೋಸೆ ತಿಂದು ಕೊಪ್ಪದ ರಸ್ತೆ ಹಿಡಿದು ಹೋದೆವು. ಕವಿಮನೆಯಲ್ಲಿ ಸೀನ ಮರದ ಕಂಬಗಳನ್ನು ಕೈಯಲ್ಲಿ ಅಳೆದು ನೋಡಿದ, ಆಡಿಟರ್ ತೊಟ್ಟಿಯ ಉದ್ದಗಲ ಲೆಕ್ಕ ಹಾಕಿ ಈಗ ಕಟ್ಟಿಸಿದರೆ ಎಷ್ಟಾದೀತು ಅಂದರು. ಆಮೇಲೆ ಕವಿಶೈಲಕ್ಕೆ ಹತ್ತಿದೆವು. ಹತ್ತುವಾಗ ನನಗೂ ಆಡಿಟರಿಗೂ ಏದುಸಿರು. ಮೇಷ್ಟ್ರು ಮಾತ್ರ ಚಪ್ಪಲಿ ಕೈಯಲ್ಲಿ ಹಿಡಿದು ಹುಡುಗನ ಹಾಗೆ ಹೋದರು.

ಮೇಲೆ ಬಂಡೆಯ ಹಾಸು, ಸುತ್ತ ನಿಲ್ಲಿಸಿದ ದೊಡ್ಡ ದೊಡ್ಡ ಕಲ್ಲುಗಳು, ಆಕಡೆ ಕಾಡು, ಕಾಡಿನಾಚೆ ಬೆಟ್ಟ. ಸೀನ ಕಲ್ಲುಗಳ ಸುತ್ತ ಒಂದು ಸುತ್ತು ಹಾಕಿದ. ಅವನ ಕಸುಬಿನ ಕಣ್ಣು. "ಕಂಬ ಚೆನ್ನಾಗಿ ನಿಲ್ಲಿಸಿದ್ದಾರೆ. ಬಟ್ಟೆ ಕಟ್ಟೋದು ಮರ್ತಿದ್ದಾರೆ."

"ಇಲ್ಲೇ ಅವರ ಸಮಾಧಿ. ಮೆತ್ತಗೆ ಮಾತಾಡು" ಅಂದರು ಮೇಷ್ಟ್ರು.

ಬಂಡೆಯ ಒಂದು ಕಡೆ ಹೆಸರುಗಳನ್ನು ಕೆತ್ತಿದ್ದು ಕಂಡಿತು. ಕುವೆಂಪು, ಬಿ.ಎಂ.ಶ್ರೀ., ಟಿ.ಎಸ್. ವೆಂಕಣ್ಣಯ್ಯ. 1936ರಲ್ಲಿ ಶಿಷ್ಯನ ಊರು ನೋಡಲು ಮೈಸೂರಿನಿಂದ ಬಂದ ಗುರುಗಳು ಇಲ್ಲಿ ಕೂತಿದ್ದರು. ಆಡಿಟರ್ ಮಂಡಿಯೂರಿ ಕೂತು, ಕನ್ನಡಕ ಏರಿಸಿ, ಅಕ್ಷರದ ಮೇಲೆ ಬೆರಳಾಡಿಸಿದರು. ಬಿಸಿಲಿಗೆ ಕಲ್ಲು ಕಾದಿತ್ತು, ಬೆರಳು ಹಿಂದಕ್ಕೆ ತೆಗೆದರು. "ಪ್ರಾಯೋಜಕರ ಹೆಸರೇ ಇಲ್ವಲ್ರೀ" ಅಂದರು. ಯಾರೂ ನಗಲಿಲ್ಲ, ಅವರೂ ನಗಿಸಲು ಹೇಳಿದ್ದಲ್ಲ ಅನ್ನಿಸಿತು.

ಮೇಷ್ಟ್ರು ಆ ಹೆಸರಿನ ಪಕ್ಕದಲ್ಲೇ ಕೂತು ಹೇಳಿದರು. ಅಷ್ಟು ದೊಡ್ಡ ರಾಮಾಯಣ ಬರೆದು ಮುಗಿಸಿ ಕುವೆಂಪು ಅದನ್ನು ಅರ್ಪಿಸಿದ್ದು ಇದೇ ವೆಂಕಣ್ಣಯ್ಯನವರಿಗೆ. ಪುಸ್ತಕ ಅಚ್ಚಾಗುವ ಹೊತ್ತಿಗೆ ವೆಂಕಣ್ಣಯ್ಯನವರು ತೀರಿಕೊಂಡು ವರ್ಷಗಳಾಗಿದ್ದವು. ಆದರೂ ಮುಗಿಸಿ ತಂದಿದ್ದೇನೆ ಅಂತ ಅವರಿಗೇ ಹೇಳಿದ ಹಾಗೆ ಶುರುವಿನಲ್ಲೇ ಬರೆದರು.

"ಅಂದ್ರೆ ಅವರೂ ತೀರಿಕೊಂಡವರಿಗೇ ಪ್ರಶಸ್ತಿ ಕೊಟ್ಟಿದ್ದು" ಅಂದ ಸೀನ. "ನಾನು ಹೇಳಿದಾಗ ನಕ್ಕಿದ್ರಲ್ಲ!"

"ಅವರು 22 ಸಾವಿರ ಸಾಲು ಕೊಟ್ಟರು. ನೀನು ವೈರ್ ಕಟ್ಟಿದ ಪೇಟ ಕೊಡ್ತಿದ್ದೆ."

"ಬಂದಿದ್ದಕ್ಕೆ ಒಂದು ಪದ್ಯ ಆದರೂ ಹೇಳುವ, ಯಾರಿಗಾದರೂ ಬರ್ತದಾ?" ಅಂತ ಭಟ್ರು ಕೇಳಿದರು. ಎಲ್ಲರೂ ನಾಡಗೀತೆ ಅಂತ ಬಾಯಿ ತೆಗೆದೆವು. ಅದು ಬೇಡ ಅಂದರು ಭಟ್ರು, ಅದಕ್ಕೆ ಎದ್ದು ನಿಲ್ಲಬೇಕು. ನಿಜ, 2022ರಲ್ಲಿ ಎರಡೂವರೆ ನಿಮಿಷ ಅಂತ ನಿಗದಿ ಆಗುವ ಮೊದಲು ಅದಕ್ಕೆ ನಿಂತೂ ನಿಂತೂ ನಮ್ಮ ಅಧ್ಯಕ್ಷರ ಮಂಡಿ ಹೋಗಿದೆ. ಈಗಲೂ ಹಾಡು ಶುರುವಾದರೆ ಅವರು ವಾಚು ನೋಡುತ್ತಾರೆ. ನನಗೆ ಇನ್ನೊಂದು ಹಾಡಿನ ಪಲ್ಲವಿ ನೆನಪಾಯಿತು, ಹೇಳಿದೆ, ಅದು ಜಿಎಸ್ಸೆಸ್ ಅವರದ್ದು ಅಂತ ಗೊತ್ತಾಯಿತು. ಆಡಿಟರ್ ಒಂದು ಹೇಳಿದರು, ಅದು ಯಾರದ್ದೂ ಅಲ್ಲ, ಜಾಹೀರಾತು.

ಆಗ ಸೀನ ಹೇಳಿದ. ಅನಿಕೇತನ ಪದ್ಯ, ಮೊದಲಿನಿಂದ ಕೊನೆವರೆಗೆ, ಒಂದಕ್ಷರ ತಪ್ಪದೆ. ರಾಗ ಇಲ್ಲ, ನಿಲುಗಡೆ ಇಲ್ಲ, ಎಂಟನೇ ಕ್ಲಾಸಿನ ಹುಡುಗ ಕೈ ಕಟ್ಟಿಕೊಂಡು ಒಪ್ಪಿಸುವ ಹಾಗೆ ಒಂದೇ ಉಸಿರಲ್ಲಿ. ಮುಗಿದ ಮೇಲೆ ಅವನ ಕೈ ನಿಜವಾಗಿಯೂ ಕಟ್ಟಿಕೊಂಡೇ ಇತ್ತು.

ಭಟ್ರು "ಅಬ್ಬ" ಅಂದರು.

"ಒಂದು ವಾರ ದಿನಾ ಒಪ್ಪಿಸಿದ್ದೀನಿ" ಅಂತ ಸೀನ ಮೇಷ್ಟ್ರ ಕಡೆ ನೋಡದೆ ಹೇಳಿದ. "ಅರ್ಥ ಈಗ ಆಗ್ತಿದೆ. ಅನಿಕೇತನ ಅಂದ್ರೆ ಮನೆ ಇಲ್ಲದವನು ಅಲ್ವಾ? ಮನೆ ಕಟ್ಟಬೇಡ, ಎಲ್ಲೂ ನಿಲ್ಲಬೇಡ. ಸೂರಿಲ್ಲದ ಕಂಬ ಯಾಕೆ ನಿಲ್ಲಿಸಿದ್ದಾರೆ ಅಂತ ಈಗ ಗೊತ್ತಾಯ್ತು ಬಿಡಿ. ನನ್ನ ಶಾಮಿಯಾನನೂ ಹಂಗೇ, ಇವತ್ತು ಇಲ್ಲಿ, ನಾಳೆ ಅಲ್ಲಿ. ನನ್ನ ಟೆಂಪೋ ಹಿಂದೆ ಇದನ್ನೇ ಬರೆಸ್ತೀನಿ."

"ಇಪ್ಪತ್ತು ವರ್ಷದ ಹೋಮ್ ಲೋನ್ ತಗೊಳೋ ಮೊದಲೇ ಯಾರಾದ್ರೂ ಈ ಪದ್ಯ ಹೇಳಬೇಕಿತ್ತು ನನಗೆ" ಅಂದರು ಆಡಿಟರ್.

ಇಳಿಯುವಾಗ ಸೀನ ನನ್ನನ್ನು ಹಿಂದೆ ಎಳೆದು ಕಿವಿಯಲ್ಲಿ, ಪ್ರಶಸ್ತಿ ಮೇಷ್ಟ್ರಿಗೇ ಕೊಟ್ಟರೆ ಹೇಗೆ ಅಂದ. ಕಾಡಿನಲ್ಲಿ ಪಿಸುಮಾತು ದೂರ ಕೇಳುತ್ತದೆ. ಮೇಷ್ಟ್ರು ಮೆಟ್ಟಿಲಲ್ಲಿ ನಿಂತು ತಿರುಗಿದರು. "ನಿನಗೆ ಆ ಪದ್ಯ ಬರೋದು ನನ್ನಿಂದ ಅಲ್ಲ. ಬೆತ್ತದಿಂದ."

"ಹಂಗಾದ್ರೆ ಬೆತ್ತಕ್ಕೇ ಶಾಲು ಹೊದಿಸೋಣ" ಅಂದರು ಆಡಿಟರ್. "ಪೇಟನೂ ನಿಲ್ಲತ್ತೆ."

ಬೆತ್ತ ಈಗ ಇಲ್ಲ. ಇದ್ದಿದ್ದರೆ ಖಂಡಿತ ಕೊಡುತ್ತಿದ್ದೆವು, ಅಷ್ಟು ಹೊತ್ತಿಗೆ ನಮಗೆ ಹೇಗಾದರೂ ಒಂದು ನಿರ್ಧಾರ ಬೇಕಾಗಿತ್ತು.

ಡಿಸೆಂಬರ್ 29ರಂದು ಕಾರ್ಯಕ್ರಮ ಆಗಲಿಲ್ಲ. ಆಡಿಟರ್ ಲೆಕ್ಕ ಓದಿದರು. ಟೆಂಪೋ ಡೀಸೆಲ್, ದೋಸೆ, ಒಡೆದ ರಾಷ್ಟ್ರದ ಫ್ಲೆಕ್ಸು, ವೀಣೆಯ ಫಲಕ. ಉಳಿದದ್ದರಲ್ಲಿ ಮೇಷ್ಟ್ರು ಹಟ ಮಾಡಿ ಸಂಘಕ್ಕೆ ರಾಮಾಯಣ ದರ್ಶನಂ ತರಿಸಿದರು. ಶನಿವಾರ ಸಂಜೆ ಸೀನನ ಗೋಡೌನಿನಲ್ಲಿ ಮಡಚುವ ಕುರ್ಚಿ ಹಾಕಿಕೊಂಡು ಓದುತ್ತೇವೆ. ಎರಡು ತಿಂಗಳಾಯಿತು, ಇನ್ನೂ ವೆಂಕಣ್ಣಯ್ಯನವರಿಗೆ ಬರೆದ ಅರ್ಪಣೆಯಲ್ಲೇ ಇದ್ದೇವೆ. ಒಂದೊಂದು ಪದಕ್ಕೂ ಜಗಳ.

ಫಲಕ ಏನಾಯಿತು ಅಂದರೆ, ಒಂದು ದಿನ ಹೋಟೆಲ್ ಟೇಬಲ್ ಮೇಲೆ ಮರೆತು ಬಂದಿದ್ದೆವು. ಮರುದಿನ ಹೋದರೆ ಗಲ್ಲಾದ ಮೇಲೆ ಕೂತಿದೆ. ಹೆಸರು ಕೆತ್ತಬೇಕಾಗಿದ್ದ ಖಾಲಿ ಜಾಗ ಸರಿಯಾಗಿ ಅಳತೆಗೆ ಸಿಕ್ಕಿದೆ ಅಂತ ಮಾಲೀಕರು ಅಲ್ಲಿ ಕ್ಯೂಆರ್ ಕೋಡ್ ಅಂಟಿಸಿದ್ದಾರೆ. ವಾಪಸ್ ಕೇಳೋಣ ಅಂದುಕೊಂಡೆವು, ಆದರೆ ನಮ್ಮ ಹಳೇ ಬಾಕಿಯ ಪುಸ್ತಕವೂ ಅದರ ಪಕ್ಕದಲ್ಲೇ ಇತ್ತು. ಈಗ ದಿನಾ ಕಾಫಿ ಕುಡಿದು ಎದ್ದಾಗ ಆಡಿಟರ್ ಮೊಬೈಲ್ ಎತ್ತಿ ಪರಂಪರೆ ಪ್ರಶಸ್ತಿಗೆ ಹಿಡಿಯುತ್ತಾರೆ, ಅದು "ಅರವತ್ತು ರೂಪಾಯಿ ಸ್ವೀಕರಿಸಲಾಗಿದೆ" ಅನ್ನುತ್ತದೆ.